ಕುರಿಯ ಅಂಡಾಣುವೂ ನಾಗವೇಣಿಯ ಕೈಯೂ

ಅಂಡಾಣು ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲ ದಿನ ಬಿಳಿ ಕೋಟು ಹಾಕಿಕೊಂಡು ಮೈಕ್ರೋಸ್ಕೋಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡನೆಯ ದಿನ ಆ ಫೋಟೋವನ್ನು ನೆಂಟರಿಷ್ಟರಿಗೆಲ್ಲ ಕಳಿಸುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಕಸಾಯಿಖಾನೆಗೆ ಹೋಗಬೇಕು ಅಂದರೆ ಅವರಿಗೆ ಜ್ವರ ಬಂದಿರುತ್ತದೆ. ಮೂವತ್ತೊಂದು ವರ್ಷ ಟೆಕ್ನಿಷಿಯನ್ ಆಗಿದ್ದ ನಾನು ಈ ಜ್ವರವನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಬ್ಬರು ಹೋಗಿ ಕೆಲಸ ಮುಗಿಸಿಕೊಂಡು ಬಂದರೆ ಅದು ತಾನಾಗಿ ಇಳಿಯುತ್ತದೆ. ಆ ಇನ್ನೊಬ್ಬರು ಯಾವಾಗಲೂ ನಾನೇ ಆಗಿರುತ್ತಿದ್ದೆ.

ನನ್ನ ಹೆಸರು ಪುಷ್ಪಾವತಿ, ಮನೆ ಲಿಂಗರಾಜಪುರ. ಲ್ಯಾಬು ಇದ್ದದ್ದು ಹಳೇ ಮದ್ರಾಸ್ ರಸ್ತೆಯಿಂದ ಒಳಗೆ, ಕೃಷ್ಣರಾಜಪುರದ ಕಡೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬಡ್ತಿ ಬಂದಾಗ ಕುರ್ಚಿ ಬದಲಾಯಿತು, ಕೆಲಸ ಬದಲಾಗಲಿಲ್ಲ. ಶಾಲು ಮನೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಹಾಸಿದೆ.

ನಮ್ಮ ಕೆಲಸ ಇಷ್ಟು. ಶಿವಾಜಿನಗರದ ಹತ್ತಿರದ ಕಸಾಯಿಖಾನೆಯಲ್ಲಿ ಬೆಳಿಗ್ಗೆ ಕುರಿಗಳನ್ನು ಕೊಯ್ದಾಗ ಯಾರಿಗೂ ಬೇಡದ ಅಂಡಾಶಯಗಳನ್ನು ತೆಗೆದಿಟ್ಟುಕೊಳ್ಳಬೇಕು. ಹಸಿ ಅವರೆಕಾಳಿಗಿಂತ ಸ್ವಲ್ಪ ದೊಡ್ಡವು, ಅಷ್ಟೇ. ಅವನ್ನು ಬೆಚ್ಚಗಿನ ಉಪ್ಪುನೀರಿನ ಫ್ಲಾಸ್ಕಿಗೆ ಹಾಕಿ, ತಣ್ಣಗಾಗುವ ಮೊದಲು ಲ್ಯಾಬಿಗೆ ಮುಟ್ಟಿಸಬೇಕು. ಅಲ್ಲಿ ಸೂಜಿಯಿಂದ ಅಂಡಾಣುಗಳನ್ನು ಹೊರತೆಗೆದು, ಪೋಷಕ ದ್ರಾವಣದಲ್ಲಿಟ್ಟು, ಒಂದು ಹಗಲು ಒಂದು ರಾತ್ರಿ ಬಲಿಯಲು ಬಿಡಬೇಕು. ಕುರಿಯ ಹೊಟ್ಟೆಯೊಳಗೆ ಆಗುವುದನ್ನು ಗಾಜಿನ ತಟ್ಟೆಯಲ್ಲಿ ಆಗುವ ಹಾಗೆ ಮಾಡಬೇಕು. ಕೇಳಲು ಸುಲಭ.

ಕಸಾಯಿಖಾನೆಯಲ್ಲಿ ನಮಗೆ ಸಾಮಾನು ಕೊಡುತ್ತಿದ್ದವರು ಖಾದರ್ ಭಾಯಿ. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹೊರದೇಶದಲ್ಲಿ ಓದಿ ಬಂದಿದ್ದ ಒಬ್ಬ ವಿಜ್ಞಾನಿ ಒಂದು ಸಲ ನನ್ನ ಜೊತೆ ಬಂದು, ದೊಡ್ಡ ಐಸ್ ಡಬ್ಬಿ ಕೆಳಗಿಟ್ಟು, ಅಂಡಾಶಯಗಳನ್ನು ಅದರಲ್ಲಿ ಹೂಳಿ ಅಂದರು. ತಣ್ಣಗಿದ್ದರೆ ತಾಜಾ ಇರುತ್ತದಂತೆ. ಖಾದರ್ ಭಾಯಿ ಡಬ್ಬಿಯನ್ನು ನೋಡಿದರು, ವಿಜ್ಞಾನಿಯ ಬೂಟನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

“ಅಕ್ಕಾ, ಸಾಬ್ ಮಾಂಸ ತಗೊಂಡ್ ಹೋಗ್ತಾವ್ರಾ, ಜೀವ ತಗೊಂಡ್ ಹೋಗ್ತಾವ್ರಾ? ಮಾಂಸ ಆದ್ರೆ ಐಸ್ ಸರಿ.”

ಸಾಹೇಬರಿಗೆ ಇದು ಅರ್ಥವಾಗಲಿಲ್ಲ. ಆ ದಿನದ ಅಂಡಾಣುಗಳಲ್ಲಿ ಒಂದೂ ಬಲಿಯಲಿಲ್ಲ. ಚಳಿ ತಾಗಿದರೆ ಅಂಡಾಣುವಿನೊಳಗಿನ ನವಿರಾದ ಕಟ್ಟುಗಳೆಲ್ಲ ಕಳಚಿ ಬೀಳುತ್ತವೆ, ಆಮೇಲೆ ಎಷ್ಟು ಬೆಚ್ಚಗೆ ಮಾಡಿದರೂ ಪೂರ್ತಿ ಸರಿಹೋಗುವುದಿಲ್ಲ. ಅವರು ಇದಕ್ಕೆ ಬೇಸಿಗೆಯ ಬಿಸಿಲು ಕಾರಣ ಎಂದು ವರದಿ ಬರೆದರು.

ಆಮೇಲೆ ಬೆಚ್ಚಗಿಡುವ ಯಂತ್ರವೊಂದು ಬಂತು. ಬ್ಯಾಟರಿ, ಪರದೆ, ಅಂಕಿ ತೋರಿಸುವ ಕೆಂಪು ದೀಪ ಎಲ್ಲ ಇತ್ತು. ಹಲಸೂರು ದಾಟುವವರೆಗೆ ಮೂವತ್ತೇಳು ಡಿಗ್ರಿ ತೋರಿಸಿತು. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡಾಗ ಪರದೆ ಕಪ್ಪಾಯಿತು. ಮರುವಾರದಿಂದ ನಾನು ಮತ್ತೆ ಹಳೆಯ ಫ್ಲಾಸ್ಕನ್ನೇ ಸ್ವೆಟರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದೆ. ಯಂತ್ರವನ್ನು ಅತಿಥಿಗಳು ಬಂದಾಗ ತೋರಿಸಲು ಗಾಜಿನ ಬೀರುವಿನಲ್ಲಿ ಇಟ್ಟರು.

ಇನ್ನು ನಮ್ಮ ಡೈರೆಕ್ಟರ್. ಅಂಡಾಣುಗಳ ಬಗ್ಗೆ ಎರಡು ಗಂಟೆ ನಿಲ್ಲಿಸದೆ ಮಾತಾಡಬಲ್ಲವರು. ನಾನು ಅಲ್ಲಿದ್ದಷ್ಟು ಕಾಲ ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟದ್ದನ್ನು ನೋಡಿದ್ದು ಎರಡು ಸಲ, ಎರಡೂ ಸಲ ಪತ್ರಿಕೆಯವರು ಬಂದಿದ್ದರು. ಅವರಿಗೆ ಬೇಕಾದದ್ದು ಗ್ರಾಫು. ಗ್ರಾಫು ಚೆನ್ನಾಗಿದ್ದರೆ ಅಂಡಾಣು ಚೆನ್ನಾಗಿದೆ. ಚೆನ್ನಾಗಿಲ್ಲದಿದ್ದರೆ ಅವರ ಹತ್ತಿರ ಮೂರು ಕಾರಣ ಸಿದ್ಧವಾಗಿರುತ್ತಿದ್ದವು: ಹವಾಮಾನ, ಕುರಿಯ ತಳಿ, ಕೆಲಸ ಮಾಡಿದವರ ಕೈ. ಮೊದಲೆರಡಕ್ಕೆ ಬೈಯಲು ಆಗುವುದಿಲ್ಲವಾದ್ದರಿಂದ ಮೂರನೆಯದನ್ನೇ ಹೆಚ್ಚು ಹಿಡಿದುಕೊಳ್ಳುತ್ತಿದ್ದರು.

ಅವರು ಮನಸಾರೆ ಹೊಗಳುತ್ತಿದ್ದದ್ದು ನನ್ನ ಒಂದು ಪದ್ಧತಿಯನ್ನು. ಅಂಡಾಣುವಿಗೆ ಸಕ್ಕರೆಯನ್ನು ನೇರವಾಗಿ ಜೀರ್ಣಿಸಿಕೊಳ್ಳುವ ಶಕ್ತಿ ತೀರಾ ಕಡಿಮೆ. ಅದಕ್ಕೆ ಬೇಕಾದದ್ದು ಪೈರುವೇಟ್, ಅಂದರೆ ಸಕ್ಕರೆ ಅರ್ಧ ಜೀರ್ಣವಾದ ಮೇಲೆ ಸಿಗುವ ಪದಾರ್ಥ. ನಮ್ಮ ದ್ರಾವಣಕ್ಕೆ ಇದನ್ನು ಸೇರಿಸಲೇಬೇಕು. ಬೇರೆ ಲ್ಯಾಬುಗಳಲ್ಲಿ ವಾರವಾರ ಹೊಸದಾಗಿ ಕದಡಿಕೊಳ್ಳುತ್ತಾರೆ. ನಾನು ಜನವರಿಯಲ್ಲಿ ಒಂದು ದೊಡ್ಡ ಬಾಟ್ಲಿ ಮಾಡಿ ಫ್ರಿಜ್ಜಿನಲ್ಲಿಟ್ಟು, ಉಪ್ಪಿನಕಾಯಿಯ ಹಾಗೆ ವರ್ಷವೆಲ್ಲ ತೆಗೆದು ತೆಗೆದು ಬಳಸುತ್ತಿದ್ದೆ. ನನ್ನ ಅತ್ತೆ ಮನೆ ನಡೆಸಿದ್ದು ಹಾಗೆ, ನಾನು ಲ್ಯಾಬು ನಡೆಸಿದ್ದೂ ಹಾಗೆ. ಒಂದು ಚೂರೂ ದಂಡವಾಗುತ್ತಿರಲಿಲ್ಲ. ಡೈರೆಕ್ಟರು ಹೊಸಬರನ್ನು ಕರೆದು ಫ್ರಿಜ್ಜು ತೆಗೆದು ಬಾಟ್ಲಿ ತೋರಿಸಿ, ಅಚ್ಚುಕಟ್ಟು ಅಂದರೆ ಇದು ಅನ್ನುತ್ತಿದ್ದರು. ನಾನು ಬೀಗುತ್ತಿದ್ದೆ. ವಾರವಾರ ಕದಡುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

ಒಂದು ವರ್ಷ ಜನವರಿ ಕೊನೆಯಲ್ಲಿ ನಾಗವೇಣಿ ಬಂದಳು. ಬಾಗಲಕೋಟೆ ಕಡೆಯ ಹುಡುಗಿ, ಪಿಎಚ್‌ಡಿಗೆ ಸೇರಿದ್ದಳು. ಮೂರನೆಯ ದಿನ ಅವಳಿಗೆ ಜ್ವರ ಬರಲಿಲ್ಲ. ಆರು ಗಂಟೆಗೆ ಕಸಾಯಿಖಾನೆಯ ಬಾಗಿಲಲ್ಲಿ ನನಗಿಂತ ಮೊದಲೇ ನಿಂತಿದ್ದಳು. ಇಷ್ಟು ಹುರುಪು ಎಷ್ಟು ದಿನವೋ ನೋಡೋಣ ಎಂದು ನಾನು ಒಳಗೊಳಗೇ ಮೂಗು ಮುರಿದೆ.

ಅವಳಿಗೆ ಕೊಟ್ಟ ಕೆಲಸ ನಮ್ಮಲ್ಲಿ ಯಾರೂ ಮಾಡದೆ ಇದ್ದದ್ದು. ವೀರ್ಯಾಣು ಒಳಹೊಕ್ಕಾಗ ಅಂಡಾಣುವಿನೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಒಮ್ಮೆಲೇ ಹೊರಬರುತ್ತದೆ. ಬಂದದ್ದು ಮತ್ತೆ ಉಗ್ರಾಣಕ್ಕೆ ಹಿಂತಿರುಗಬೇಕು. ಹೀಗೆ ಗಂಟೆಗಟ್ಟಲೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಒಲೆಯ ಮೇಲೆ ಹಾಲು ಉಕ್ಕಿ ಬಂದಾಗ ಉರಿ ತಗ್ಗಿಸುವ ಕೈ ಒಂದು ಬೇಕಲ್ಲ, ಹಾಗೆ ಇಲ್ಲಿ ಇಳಿಸುವುದಕ್ಕೂ ಒಂದು ಪಂಪು ಇದೆ, ಆ ಪಂಪಿಗೆ ಶಕ್ತಿ ಬೇಕು. ಶಕ್ತಿಯನ್ನು ಮೈಟೊಕಾಂಡ್ರಿಯಗಳು ಪೈರುವೇಟನ್ನು ಉರಿಸಿ ಕೊಡುತ್ತವೆ. ಶಕ್ತಿ ಸಾಲದಿದ್ದರೆ ಏರಿದ ಕ್ಯಾಲ್ಸಿಯಂ ಇಳಿಯುವುದಿಲ್ಲ. ಇಳಿಯದಿದ್ದರೆ ಅಂಡಾಣು ಸಾಯುತ್ತದೆ. ಇದನ್ನು ಹೊಳೆಯುವ ಬಣ್ಣ ಹಾಕಿ, ನಾಲ್ಕು ಗಂಟೆ ಕತ್ತಲೆ ಕೋಣೆಯಲ್ಲಿ ಕೂತು ನೋಡಬೇಕು.

ಹಾಗೆ ನೋಡಬೇಕಾದರೆ ಅಂಡಾಣುವಿನ ಸುತ್ತ ಮೋಡದಂತೆ ಅಂಟಿಕೊಂಡಿರುವ ದಾದಿ ಕೋಶಗಳನ್ನು ಬಿಡಿಸಬೇಕು, ಇಲ್ಲದಿದ್ದರೆ ಏನೂ ಕಾಣದು. ತೀರಾ ಸಣ್ಣ ಗಾಜಿನ ನಳಿಕೆಯೊಳಗೆ ಎಳೆದು ಬಿಟ್ಟು, ಎಳೆದು ಬಿಟ್ಟು ಬಿಡಿಸುವುದು. ಇದಕ್ಕೆ ಕೈ ಬೇಕು. ಕೈ ಒರಟಾದರೆ ಅಂಡಾಣು ಗಾಯಗೊಳ್ಳುತ್ತದೆ.

ಮೊದಲ ಮೂರು ವಾರ ನಾಗವೇಣಿಯ ಅಂಡಾಣುಗಳು ನೋಡಲು ಚೆಂದವಾಗಿದ್ದವು. ಪರದೆಯ ಮೇಲೆ ಕ್ಯಾಲ್ಸಿಯಂ ಏರಿತು, ಇಳಿಯಿತು, ಏರಿತು, ಇಳಿಯಿತು. ಡೈರೆಕ್ಟರು ಅಷ್ಟರಲ್ಲೇ ದೆಹಲಿಗೆ ಹೋಗಿ ಆ ಗ್ರಾಫು ತೋರಿಸಿ ಬಂದರು. ನಾಲ್ಕನೆಯ ವಾರದಿಂದ ಕೆಟ್ಟಿತು. ಒಂದು ಸಲ ಏರಿ ಇಳಿಯುತ್ತಿತ್ತು, ಎರಡನೆಯ ಸಲ ಏರಿ ಅಲ್ಲೇ ನಿಲ್ಲುತ್ತಿತ್ತು. ಅಂಡಾಣು ನಿಧಾನವಾಗಿ ಕಪ್ಪಾಗಿ ಸಾಯುತ್ತಿತ್ತು. ವಾರ ಕಳೆದಂತೆ ಮೊದಲನೆಯದೂ ಇಳಿಯಲಿಲ್ಲ.

ಡೈರೆಕ್ಟರಿಗೆ ಹವಾಮಾನವೂ ತಳಿಯೂ ಹೊಂದಲಿಲ್ಲ, ಯಾಕೆಂದರೆ ಅದೇ ಕುರಿ, ಅದೇ ಹವೆಯಲ್ಲಿ ಉಳಿದವರ ಅಂಡಾಣುಗಳು ಚೆನ್ನಾಗಿಯೇ ಬಲಿಯುತ್ತಿದ್ದವು. ಆ ಉಳಿದವರು ದಾದಿ ಕೋಶಗಳನ್ನು ಬಿಡಿಸದೆ ಕೆಲಸ ಮಾಡುತ್ತಿದ್ದರು. ಹಾಗಾಗಿ ಕೆಟ್ಟದ್ದು ಬಿಡಿಸುವ ಕೈ. ಸೋಮವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ, ಮೊದಲು ಚೆನ್ನಾಗಿ ಬಂತು ಅಂತ ತಲೆ ತಿರುಗಿದೆ, ಈಗ ಉಡಾಫೆ ಮಾಡ್ತಿದೀಯ ಅಂದರು. ವರ್ಷದ ಕೊನೆಗೆ ಕಮಿಟಿ ಕೂರುತ್ತದೆ, ಅಷ್ಟರೊಳಗೆ ಗ್ರಾಫು ಬರದಿದ್ದರೆ ಗಂಟುಮೂಟೆ ಕಟ್ಟು ಅಂತಲೂ ಹೇಳಿದರು.

ಒಂದು ಮಧ್ಯಾಹ್ನ ಅವಳು ನನ್ನ ಮೇಜಿನ ಹತ್ತಿರ ಬಂದು ಎರಡೂ ಕೈ ಚಾಚಿದಳು.

“ನಾ ಏನ್ ತಪ್ಪು ಮಾಡಾಕತ್ತೀನ್ರಿ ಮೇಡಂ? ನೀವು ನೋಡೀರಿ. ಕೈ ನಡಗತೈತೇನ್ರಿ?”

ನಡುಗುತ್ತಿರಲಿಲ್ಲ. ನಾನು ಕಂಡ ಕೈಗಳಲ್ಲೇ ಅತ್ಯಂತ ನಿಧಾನದ, ಮೃದುವಾದ ಕೈ ಅದು. ನಾನು ಏನು ಹೇಳಿದೆ ಗೊತ್ತೇ? ಕೆಲವರ ಕೈಗುಣವೇ ಹಾಗೆ ಅಂದೆ. ನಮ್ಮ ಕಾಲದಲ್ಲಿ ಇಷ್ಟೆಲ್ಲ ನೆಪ ಹೇಳುತ್ತಿರಲಿಲ್ಲ ಅಂತಲೂ ಸೇರಿಸಿದೆ. ಇಪ್ಪತ್ತು ವರ್ಷ ಬೇರೆಯವರ ತಪ್ಪು ಹುಡುಕಿ ಹುಡುಕಿ ನನಗೆ ಅದೊಂದು ಚಟವಾಗಿತ್ತು. ಅವಳು ತಲೆಯಾಡಿಸಿ ಹೋದಳು. ಅವತ್ತಿನಿಂದ ಮಧ್ಯಾಹ್ನದ ಊಟ ಬಿಟ್ಟು, ನೀರಿನಲ್ಲಿ ಸಾಸಿವೆ ಹಾಕಿ ನಳಿಕೆಯಿಂದ ಎಳೆಯುವ ಬಿಡುವ ಅಭ್ಯಾಸ ಮಾಡತೊಡಗಿದಳು. ಲ್ಯಾಬಿನವರೆಲ್ಲ ಅವಳಿಗೆ ಸಾಸಿವೆ ಅಂತ ಹೆಸರಿಟ್ಟರು. ನಾನೂ ಹಾಗೇ ಕರೆದೆ.

ಇದು ಹತ್ತು ತಿಂಗಳು ನಡೆಯಿತು. ಅವಳು ಬಿಡಲಿಲ್ಲ. ಉಳಿದವರು ವಾರಕ್ಕೊಂದು ಸಲ ಮಾಡುವುದನ್ನು ಅವಳು ಮೂರು ಸಲ ಮಾಡಿದಳು, ಪ್ರತಿ ಸಲವೂ ನನ್ನ ಬಾಟ್ಲಿಯಿಂದ ಪೈರುವೇಟ್ ತೆಗೆದಳು. ಅದರಿಂದಾಗಿ ಆ ವರ್ಷ ಬಾಟ್ಲಿ ಬೇಗ ತಳ ಕಂಡಿತು. ಡಿಸೆಂಬರ್ ಮೊದಲ ವಾರ ನೋಡಿದರೆ ಎರಡು ಚಮಚ ಮಾತ್ರ ಉಳಿದಿತ್ತು. ಹೊಸ ವರ್ಷಕ್ಕೆ ದೊಡ್ಡದು ಮಾಡಿದರಾಯಿತು ಎಂದು, ಅವತ್ತಿನ ಮಟ್ಟಿಗೆ ಒಂದು ಪುಟ್ಟ ಸೀಸೆಯಲ್ಲಿ ಸ್ವಲ್ಪ ಕದಡಿ ಅವಳಿಗೆ ಕೊಟ್ಟೆ.

ಅವತ್ತು ಅವಳ ಅಂಡಾಣುಗಳಲ್ಲಿ ಕ್ಯಾಲ್ಸಿಯಂ ಏರಿತು, ಇಳಿಯಿತು. ಮತ್ತೆ ಏರಿತು, ಇಳಿಯಿತು. ನಾಲ್ಕು ಗಂಟೆ ಕಾಲ ಒಂದೂ ತಪ್ಪಲಿಲ್ಲ. ಕತ್ತಲೆ ಕೋಣೆಯಿಂದ ಅವಳು ಹೊರಬಂದಾಗ ಮುಖವೆಲ್ಲ ಒದ್ದೆಯಾಗಿತ್ತು. ಡೈರೆಕ್ಟರು ಗ್ರಾಫು ನೋಡಿ, ಬೆನ್ನು ತಟ್ಟಿ, ನೋಡು, ಬೈದಿದ್ದಕ್ಕೆ ಕೈ ತಿದ್ದಿತು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ತಟ್ಟಲಿಲ್ಲ. ಫ್ರಿಜ್ಜು ತೆಗೆದು ಪುಟ್ಟ ಸೀಸೆಯನ್ನೂ ದೊಡ್ಡ ಬಾಟ್ಲಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಶನಿವಾರ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಅರ್ಧ ಅಂಡಾಣುಗಳನ್ನು ಹೊಸ ಸೀಸೆಯ ಪೈರುವೇಟಿನಲ್ಲಿ, ಇನ್ನರ್ಧವನ್ನು ಬಾಟ್ಲಿಯ ತಳದಲ್ಲಿ ಉಳಿದಿದ್ದರಲ್ಲಿ ಇಟ್ಟೆ. ದಾದಿ ಕೋಶ ಬಿಡಿಸಿದ್ದು ನನ್ನ ಕೈ, ಇಪ್ಪತ್ತು ವರ್ಷ ಪಳಗಿದ್ದು. ಹೊಸದರಲ್ಲಿದ್ದವು ಬದುಕಿದವು. ಹಳೆಯದರಲ್ಲಿದ್ದವುಗಳಲ್ಲಿ ಕ್ಯಾಲ್ಸಿಯಂ ಒಂದು ಸಲ ಏರಿ ಅಲ್ಲೇ ನಿಂತಿತು, ಅವು ಕಪ್ಪಾದವು.

ಪೈರುವೇಟ್ ನೀರಿನಲ್ಲಿ ಬಹಳ ದಿನ ಇದ್ದರೆ ತನ್ನೊಳಗೇ ಕೂಡಿಕೊಂಡು ಬೇರೆ ಪದಾರ್ಥವಾಗುತ್ತದೆ. ಅದು ಉರಿಯುವುದಿಲ್ಲ, ಉರಿಯುವುದಕ್ಕೂ ಅಡ್ಡ ಬರುತ್ತದೆ. ಇಷ್ಟು ವರ್ಷ ಇದು ತಿಳಿಯದೆ ಹೋದದ್ದು ಯಾಕೆಂದರೆ ಉಳಿದವರ ಅಂಡಾಣುಗಳ ಸುತ್ತ ದಾದಿ ಕೋಶಗಳಿದ್ದವು. ಅವು ಸಕ್ಕರೆಯನ್ನು ತಾವೇ ಅರೆದು ತಾಜಾ ಪೈರುವೇಟ್ ಮಾಡಿ ಅಂಡಾಣುವಿಗೆ ಉಣಿಸುತ್ತಿದ್ದವು, ನನ್ನ ಮಾನ ಉಳಿಸುತ್ತಿದ್ದವು. ಬತ್ತಲೆ ಅಂಡಾಣುವನ್ನು ನಾಲ್ಕು ಗಂಟೆ ನನ್ನ ಬಾಟ್ಲಿಯೊಂದನ್ನೇ ನಂಬಿ ಕೂರಿಸಿದವಳು ನಾಗವೇಣಿ ಒಬ್ಬಳೇ. ಜನವರಿಯ ಬಾಟ್ಲಿ ಹೊಸದಿದ್ದಾಗ ಚೆನ್ನಾಗಿ ಬಂತು, ಹಳೆಯದಾದಂತೆ ಕೆಟ್ಟಿತು. ಒಂದು ಕ್ಷಣ ಯೋಚಿಸಿದ್ದರೆ ಯಾರಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ, ಯಾಕೆಂದರೆ ನಾನು ಅವಳ ಕೈಯನ್ನು ನೋಡುತ್ತಿದ್ದೆ.

ಅವತ್ತು ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಬಾಟ್ಲಿಯಲ್ಲಿ ಉಳಿದದ್ದನ್ನು ಸಿಂಕಿಗೆ ಚೆಲ್ಲಿದೆ. ಮೂರು ಸಲ ತೊಳೆದು ಬೋರಲು ಹಾಕಿದೆ. ಅವತ್ತಿನಿಂದ ವಾರವಾರ ಕದಡಿ, ಸೀಸೆಯ ಮೇಲೆ ತಾರೀಖು ಬರೆಯತೊಡಗಿದೆ. ಯಾಕೆ ಮೇಡಂ ಪದ್ಧತಿ ಬದಲಾಯಿತು ಎಂದು ಡೈರೆಕ್ಟರು ಕೇಳಿದಾಗ, ಈಗ ಎಲ್ಲ ಕಡೆ ಹೀಗೇ ಮಾಡುತ್ತಾರೆ ಸಾರ್ ಅಂದೆ. ಕಮಿಟಿ ಕೂತಿತು, ನಾಗವೇಣಿ ಉಳಿದಳು, ಪಿಎಚ್‌ಡಿ ಮುಗಿಸಿದಳು. ಅವಳಿಗೆ ನಷ್ಟವೇನೂ ಆಗಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೋಗುವಾಗ ಅವಳು ಕಮರ್ಷಿಯಲ್ ಸ್ಟ್ರೀಟಿನಿಂದ ಒಂದು ಸೀರೆ ತಂದು ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಆ ಸೀರೆಯನ್ನು ನಾನು ಉಡಲಿಲ್ಲ, ಯಾರಿಗೂ ಕೊಡಲೂ ಇಲ್ಲ.

ಹೋದ ತಿಂಗಳು ಅವಳ ಫೋನು ಬಂತು. ಇಂದಿರಾನಗರದಲ್ಲಿ ತರಬೇತಿ ಲ್ಯಾಬು ನಡೆಸುತ್ತಿದ್ದಾಳೆ. ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳಿಗೆ ಸೇರುವವರು ಅಲ್ಲಿ ಮೊದಲು ಕುರಿಯ ಅಂಡಾಣುಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಬಂದು ನೋಡಿ ಮೇಡಂ ಅಂದಳು. ಹೋದೆ. ಎರಡನೆಯ ಮಹಡಿ, ಎಲ್ಲ ಹೊಸ ಯಂತ್ರಗಳು, ಗೋಡೆಯ ಮೇಲೆ ಅವಳದೇ ಹಳೆಯ ಗ್ರಾಫು ಚೌಕಟ್ಟು ಹಾಕಿ ತೂಗುಹಾಕಿತ್ತು. ಮೈಕ್ರೋಸ್ಕೋಪಿನ ಮುಂದೆ ಸ್ವಾತಿ ಎಂಬ ಹುಡುಗಿ ಕೂತಿದ್ದಳು. ಕಣ್ಣುಗಳು ಕೆಂಪಾಗಿದ್ದವು. ಮೇಜಿನ ಮೇಲೆ ಒಂದು ಬಟ್ಟಲಲ್ಲಿ ನೀರು, ನೀರಿನಲ್ಲಿ ಸಾಸಿವೆ.

“ಇಕಿ ಕೈ ನೋಡ್ರಿ ಮೇಡಂ, ಹೇಳಿ ಹೇಳಿ ಸಾಕಾಗೇತಿ,” ಅಂದಳು ನಾಗವೇಣಿ. ಆಮೇಲೆ ಹುಡುಗಿಯ ಕಡೆ ತಿರುಗಿದಳು. “ನಂದೂ ಹಿಂಗೇ ಇತ್ತವ್ವಾ. ಹತ್ತು ತಿಂಗಳು ಎಲ್ಲಾರ ಮುಂದ ಬೈಸ್ಕೊಂಡೀನಿ. ಅದಕ್ಕೇ ಕೈ ತಿದ್ದಿತು. ಸುಳ್ಳಾದ್ರ ಮೇಡಂನ ಕೇಳು.”

ಹುಡುಗಿ ನನ್ನ ಕಡೆ ನೋಡಿದಳು. ಅಲ್ಲಿ ತಲೆಯಾಡಿಸಿ ಬಂದಿದ್ದರೆ ಕಾಫಿ ಕುಡಿದು ಮೆಟ್ರೋ ಹತ್ತಿ ಮನೆ ಸೇರುತ್ತಿದ್ದೆ.

“ನಾಗವೇಣಿ, ನಿನ್ನ ಕೈ ಮೊದ್ಲಿಂದ್ಲೂ ಸರಿಯಾಗೇ ಇತ್ತಮ್ಮ. ಕೆಟ್ಟಿದ್ದು ನನ್ನ ಬಾಟ್ಲಿ.”

ನಿಂತುಕೊಂಡೇ ಎಲ್ಲ ಹೇಳಿದೆ. ಜನವರಿಯ ಬಾಟ್ಲಿ, ಪುಟ್ಟ ಸೀಸೆ, ಶನಿವಾರ, ಸಿಂಕು. ಮುಗಿದ ಮೇಲೆ ನಾಗವೇಣಿ ಒಂದೇ ಮಾತು ಕೇಳಿದಳು, ನಿಮಗೆ ಅವತ್ತೇ ಗೊತ್ತಿತ್ತೇನು ಅಂತ. ಅವತ್ತೇ ಗೊತ್ತಿತ್ತು ಅಂದೆ. ಅವಳು ಬಟ್ಟಲೆತ್ತಿ ಸಾಸಿವೆಯನ್ನೂ ನೀರನ್ನೂ ಚೆಲ್ಲಿದಳು. ಸ್ವಾತಿಗೆ, ಇವತ್ತು ನೀನು ಬಳಸಿದ ಸೀಸೆಗಳನ್ನೆಲ್ಲ ತಾ, ಒಂದೂ ಬಿಡಬೇಡ ಅಂದಳು. ಹುಡುಗಿ ಫ್ರಿಜ್ಜಿನ ಕೋಣೆಗೆ ಹೋದ ಮೇಲೆ ಕುರ್ಚಿಯಲ್ಲಿ ಕೂತಳು.

“ಹೋದ ವರ್ಷ ಇಬ್ಬರನ್ನ ಕಳಿಸೀನ್ರಿ ಮೇಡಂ. ಕೈ ಸರಿ ಇಲ್ಲ, ಈ ಕೆಲಸ ನಿಮಗ ಆಗೂದಿಲ್ಲ ಅಂತ. ಸೀಸೆ ನೋಡ್ಬೇಕಂತ ನನಗ ಹೊಳೀಲೇ ಇಲ್ಲ.”

ಅವರ ಹೆಸರು ಕೇಳಿದೆ. ಒಬ್ಬಳ ಹೆಸರನ್ನು ಕೂಡಲೇ ಹೇಳಿದಳು, ಫೋನ್ ನಂಬರೂ ಇದೆ ಅಂದಳು. ಇನ್ನೊಬ್ಬಳದು ನೆನಪಾಗಲಿಲ್ಲ. ರಿಜಿಸ್ಟರ್ ತರಲು ಎದ್ದಳು, ಎರಡು ಹೆಜ್ಜೆ ಇಟ್ಟು ನಿಂತಳು. ಎರಡೇ ವಾರಕ್ಕೆ ಕಳಿಸಿದ್ದರಿಂದ ಅವಳ ಹೆಸರನ್ನು ಅದರಲ್ಲಿ ಬರೆದೇ ಇರಲಿಲ್ಲವಂತೆ.